ನಾನು ನ್ಯೋಕಿ ಬಿಟ್ಟದ್ದು

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಮೂವತ್ತೊಂದು ವರ್ಷದಿಂದ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ, ಸರಿಯಿಲ್ಲದಿದ್ದರೆ ಮುಖ ಗಂಟಿಕ್ಕುವುದು ನನ್ನ ಕೆಲಸ. ಪೇಟೆಯವರು ನನ್ನನ್ನು ತಕ್ಕಡಿ ಸಾಹೇಬರು ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ನಾನು ವಿಚಾರಿಸಲು ಹೋಗಿಲ್ಲ. ಇಂಥವನು ಒಂದೇ ಒಂದು ಪದದಿಂದ, ಅದೂ ಕುಂಬಳಕಾಯಿಗೆ ಸಂಬಂಧಪಟ್ಟ ಪದದಿಂದ, ಮೂರೇ ದಿನದಲ್ಲಿ ಹೇಗೆ ಮೂರಾಬಟ್ಟೆಯಾದ ಎಂಬುದನ್ನು ಅವರಿವರು ಬಾಯಿಗೆ ಬಂದಂತೆ ಹೇಳುತ್ತಿದ್ದಾರೆ. ಆದ್ದರಿಂದ ನಾನೇ ಹೇಳಿಬಿಡುವುದು ವಾಸಿ.

ನನ್ನ ಹೆಂಡತಿ ನರ್ಸುಗಳಿಗೆ ಪಾಠ ಹೇಳುವವಳು. ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಅವಳನ್ನು ರೈಲಿನಲ್ಲಿ ಏಳು ಗಂಟೆ ದೂರದ ಊರಿನ ನರ್ಸಿಂಗ್ ಶಾಲೆಗೆ ಮುಖ್ಯಸ್ಥೆಯಾಗಿ ಕಳಿಸಿದರು. ದೊಡ್ಡ ಹುದ್ದೆ, ಬೇಡವೆನ್ನುವುದುಂಟೆ. ನಾನು ಸ್ಟೇಷನ್ನಿಗೆ ಹೋಗಿ, ಕಿಟಕಿ ಪಕ್ಕ ಕೂತುಕೊಳ್ಳಬೇಡ, ಧೂಳು ಬರುತ್ತದೆ ಎಂದು ಉಪದೇಶ ಮಾಡಿ, ರೈಲು ಹತ್ತಿಸಿ ಬಂದೆ. ಬಂದು ಬೀಗ ತೆಗೆದರೆ ಮನೆಗೆ ಒಂದು ಕೋಣೆ ಹೆಚ್ಚಾಗಿದೆ ಅನ್ನಿಸಿತು. ಇರುವುದು ಮೂರೇ ಕೋಣೆ, ನಾನೇ ಅಳತೆ ಮಾಡಿ ಕೊಂಡದ್ದು. ಆದರೂ ಅವತ್ತಿನಿಂದ ಆ ಹೆಚ್ಚಿನ ಕೋಣೆ ಎಲ್ಲಿದೆ ಎಂದು ನನಗೆ ಗೊತ್ತಾಗಿಲ್ಲ.

ತಿಂಗಳಿಗೊಮ್ಮೆ ಶನಿವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೊರಟುಬಿಡುತ್ತಾಳೆ. ಉಳಿದ ದಿನ ಸಂಜೆ ಏಳಕ್ಕೆ ಫೋನು. ಫೋನಿನಲ್ಲಿ ನಮಗಿಬ್ಬರಿಗೂ ಬರುವುದು ಒಂದೇ ವಿಷಯ. ಊಟ ಆಯ್ತಾ, ಆಯ್ತು, ಏನು ಮಾಡಿದ್ರಿ. ನಾನು ಬೇಯಿಸಿದ್ದನ್ನು ಹೇಳುತ್ತೇನೆ, ಅವಳು ತಿಂದದ್ದನ್ನು ಹೇಳುತ್ತಾಳೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನೀನಿಲ್ಲದೆ ಬೇಜಾರು ಎಂದು ನಾನು ಹೇಳಿದವನಲ್ಲ. ಹೇಳಬೇಕು ಅನ್ನಿಸಿದಾಗಲೆಲ್ಲ ಇವತ್ತು ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಎನ್ನುತ್ತೇನೆ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಉಪ್ಪು ಬಹಳ ಜಾಸ್ತಿಯಾಗಿದೆ.

ಈ ತಿಂಗಳ ಕೊನೆಯೊಳಗೆ ಅವಳು ಒಂದು ಕಾಗದಕ್ಕೆ ಉತ್ತರ ಬರೆಯಬೇಕಿತ್ತು. ಇನ್ನೂ ಐದು ವರ್ಷ ಅಲ್ಲೇ ಮುಂದುವರಿಯುತ್ತೀರೋ, ಇಲ್ಲ ಹಳೆಯ ಜಾಗಕ್ಕೆ ವಾಪಸು ಹೋಗುತ್ತೀರೋ ಎಂದು ಕೇಳಿದ್ದರು. ಬುಧವಾರ ಸಂಜೆ ಫೋನಿನಲ್ಲಿ, ಏನು ಬರೆಯಲಿ ಎಂದು ನನ್ನನ್ನು ಕೇಳಿದಳು. ಬಾ ಎನ್ನುವುದು ಒಂದಕ್ಷರದ ಮಾತು. ಅದಕ್ಕಿಂತ ಹಗುರವಾದ ಮಾತು ಯಾವ ತಕ್ಕಡಿಯಲ್ಲೂ ಸಿಗಲಾರದು. ಅದನ್ನು ಎತ್ತಲಾರದೆ ನಾನು “ನಿನಗೆ ಹೇಗೆ ಅನುಕೂಲವೋ ಹಾಗೆ” ಎಂದು ಹನ್ನೆರಡು ಅಕ್ಷರ ಖರ್ಚು ಮಾಡಿದೆ.

ಆಮೇಲೆ ಅವಳು ಮಾತು ತಿರುಗಿಸಿ, ಇವತ್ತು ಹಾಸ್ಟೆಲ್ಲಿನ ಅಡುಗೆಯವನು ಕುಂಬಳಕಾಯಿ ನ್ಯೋಕಿ ಮಾಡಿದ್ದ, ಬಾಯಿಗಿಟ್ಟರೆ ಕರಗುತ್ತಿತ್ತು, ಅವನ ಕೈ ಅಷ್ಟು ಮೃದು ಎಂದಳು. ಹೆಂಡತಿ ಪರಪುರುಷನ ಕೈ ಮೃದು ಎಂದಮೇಲೆ ಯಾವ ಗಂಡ ಸುಮ್ಮನಿರುತ್ತಾನೆ. ಬರುವ ಶನಿವಾರ ಅವಳು ಬರುವ ಸರದಿ. ಅವಳ ಮುಂದೆ ನಾನೇ ನನ್ನ ಕೈಯಾರೆ ಮಾಡಿದ ಕುಂಬಳಕಾಯಿ ನ್ಯೋಕಿ ಇಡಬೇಕು, ಅದನ್ನು ತಿಂದು ಅವಳು ತಾನಾಗಿಯೇ ವಾಪಸು ಬರುತ್ತೇನೆ ಎಂದು ಬರೆಯಬೇಕು ಎಂದು ತೀರ್ಮಾನಿಸಿದೆ. ಬಾಯಲ್ಲಿ ಹೇಳಲಾಗದ್ದನ್ನು ಬಾಯಿಗೆ ಹಾಕುವುದು, ಇದು ನನ್ನ ಉಪಾಯ. ಅವಳಿಗೆ ಮೊದಲೇ ತಿಳಿಯಬಾರದು.

ಎರಡು ವರ್ಷದಲ್ಲಿ ನಾನು ಕಲಿತಿದ್ದ ಅಡುಗೆ ಮೂರು: ಮೊಟ್ಟೆ ಬೇಯಿಸುವುದು, ಬ್ರೆಡ್ ಸುಡುವುದು, ಮೊಟ್ಟೆಯನ್ನು ಬ್ರೆಡ್ಡಿನ ಮೇಲಿಡುವುದು. ನ್ಯೋಕಿ ಎಂದರೇನು ಎಂದು ತಿಳಿದದ್ದು ಗುರುವಾರ ಬೆಳಿಗ್ಗೆ, ಕ್ಷೌರದಂಗಡಿಯ ಹಳೆಯ ಮ್ಯಾಗಜಿನ್‌ನಲ್ಲಿ. ‘ಎಲೆ ಉದುರುವ ಕಾಲದ ಸಂಜೆಯೂಟ’ ಎಂಬ ಪುಟದಲ್ಲಿ ಅದರ ಚಿತ್ರವಿತ್ತು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ‘ಗ್ನೋಚ್ಚಿ’ ಎಂದು ಓದಿ, ಇದು ಬೇರೆ ಏನೋ ಎಂದು ಪುಟ ತಿರುಗಿಸಿಬಿಟ್ಟಿದ್ದೆ. ಕ್ಷೌರದವನು ಕನ್ನಡಿಯೊಳಗಿಂದ ನೋಡಿ, ಅದನ್ನ ನ್ಯೋಕಿ ಅಂತಾರೆ ಸಾಹೇಬ್ರೆ, ಗ ಇಲ್ಲ ಚ ಇಲ್ಲ ಎಂದ. ಏಳು ಅಕ್ಷರ ತೋರಿಸಿ ಬಾಯಿಗೆ ಎರಡೇ ಕೊಡುವುದು ನಮ್ಮ ಇಲಾಖೆಯ ಕಾಯಿದೆ ಪ್ರಕಾರ ಅಪರಾಧ. ಆದರೂ ಗರಜು ನನ್ನದಾದ್ದರಿಂದ ಸುಮ್ಮನಿದ್ದೆ.

ಮಾಡುವ ಕ್ರಮ ಸುಲಭವಾಗಿತ್ತು. ಕುಂಬಳಕಾಯಿ ಬೇಯಿಸಿ ಹಿಸುಕಿ, ಮೈದಾ ಮೊಟ್ಟೆ ಹಾಕಿ ಮೆತ್ತಗೆ ನಾದಿ, ಹೆಬ್ಬೆರಳಿನ ತುದಿಯಷ್ಟು ತುಂಡು ಮಾಡಿ, ಫೋರ್ಕಿನಿಂದ ಗೆರೆ ಎಳೆದು, ಕುದಿಯುವ ನೀರಿಗೆ ಬಿಡಬೇಕು. ಮೊದಲು ಮುಳುಗುತ್ತದೆ, ಬೆಂದಮೇಲೆ ತೇಲುತ್ತದೆ. ತೇಲಿದ್ದನ್ನು ಎತ್ತಿ ಬೆಣ್ಣೆಯಲ್ಲಿ ಹೊರಳಿಸಿ ಬಡಿಸುವುದು. ಇಷ್ಟು ನೋಡಿದ ಮೇಲೆ ಆ ಮೃದು ಕೈಯವನನ್ನು ನಾನು ಒಂದು ಪೈಸೆಯಷ್ಟೂ ಲೆಕ್ಕಕ್ಕಿಡಲಿಲ್ಲ.

ಪೇಟೆಯಲ್ಲಿ ತರಕಾರಿಯವಳನ್ನು ಒಂದು ಕಿಲೋ ಕುಂಬಳಕಾಯಿ ಕೇಳಿದೆ. ಅವಳಿಗೆ ನನ್ನನ್ನು ಕಂಡರೆ ಹೆದರಿಕೆ. ಇನ್‌ಸ್ಪೆಕ್ಟರನ ಎದುರು ಕಾಯಿ ಕೊಯ್ದು ತೂಗಿ, ಹತ್ತು ಗ್ರಾಂ ಆಚೀಚೆಯಾದರೆ ಗತಿಯೇನು ಎಂದು, ಕೊಯ್ಯದೆ ಇಡೀ ಕಾಯಿಯನ್ನೇ ತಕ್ಕಡಿಗಿಟ್ಟು ಮೂರು ಸಲ ತೂಗಿದಳು. ಮೂರು ಸಲವೂ ಎಂಟು ಕಿಲೋ ಇನ್ನೂರು. ತಕ್ಕಡಿ ಸರಿಯಿದ್ದುದರಿಂದ ನಾನು ಬೇಡ ಎನ್ನುವಂತಿರಲಿಲ್ಲ. ಅಷ್ಟಕ್ಕೂ ದುಡ್ಡು ಕೊಟ್ಟು, ಕೈಚೀಲದಲ್ಲಿ ಹಿಡಿಸದೆ ಅದನ್ನು ಹೆಗಲ ಮೇಲೆ ಹೊತ್ತು ಕಚೇರಿಯ ಮೆಟ್ಟಿಲು ಹತ್ತಿದೆ.

ಮೆಟ್ಟಿಲ ಮೇಲೆ ಸರಿಯಾಗಿ ನಮ್ಮ ಆಫೀಸರು ಎದುರಾದರು. ಹೋದ ತಿಂಗಳು ಹೊಸದಾಗಿ ಬಂದವರು, ಸಣ್ಣ ದನಿಯವರು, ಪ್ರತಿಯೊಂದೂ ಬರಹದಲ್ಲಿರಬೇಕು ಎನ್ನುವವರು. ಕುಂಬಳಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನದೆ ಇಳಿದುಹೋದರು. ನಾವು ತಕ್ಕಡಿ ಪರೀಕ್ಷಿಸುವ ಅಂಗಡಿಯಿಂದ ಒಂದು ಮೆಣಸಿನಕಾಯಿಯನ್ನೂ ಪುಕ್ಕಟೆ ಮುಟ್ಟಬಾರದೆಂಬುದು ಇಲಾಖೆಯ ಮೊದಲ ನಿಯಮ. ನಾನು ಮುಟ್ಟಿದವನೂ ಅಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಗಾದೆಯ ಕಳ್ಳನೇ ಮೇಲು, ಕಾಯಿಯನ್ನಾದರೂ ಎಲ್ಲೋ ಬಚ್ಚಿಟ್ಟು ಬಂದಿದ್ದ. ನಾನು ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಸಂಜೆಯವರೆಗೆ ಬೆವರಿದೆ.

ಅವತ್ತು ಸಂಜೆ ಮಾಡಿದ ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಂಬಳಕಾಯಿಯಲ್ಲಿ ಅಷ್ಟು ನೀರಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹಿಟ್ಟು ಅಂಟಿತೆಂದು ಮೈದಾ ಹಾಕಿದೆ, ಗಟ್ಟಿಯಾಯಿತೆಂದು ಕುಂಬಳಕಾಯಿ ಹಾಕಿದೆ, ಅಂಟಿತೆಂದು ಮತ್ತೆ ಮೈದಾ. ಏಳಕ್ಕೆ ಫೋನು ಬಂದಾಗ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿದ್ದವು, ಎತ್ತಲಾಗಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಎರಡು ವರ್ಷದಲ್ಲಿ ಅವಳ ಫೋನು ಎತ್ತದೆ ಇದ್ದದ್ದು ಅದೇ ಮೊದಲು. ಕೈ ತೊಳೆದುಕೊಂಡು ನಾನೇ ಮಾಡಿ, ಸ್ನಾನಕ್ಕೆ ಹೋಗಿದ್ದೆ ಎಂದು ಸುಳ್ಳು ಹೇಳಿದೆ. ಈ ಹೊತ್ತಲ್ಲಿ ಸ್ನಾನವಾ ಎಂದಳು. ನಾನು ಉಪ್ಪು ಜಾಸ್ತಿಯಾಯಿತೆಂದು ಹೇಳಿ ಇಟ್ಟುಬಿಟ್ಟೆ.

ಶುಕ್ರವಾರ ಸಂಜೆ ಎರಡನೆಯ ಪ್ರಯತ್ನ. ಈ ಸಲ ಅಂದಾಜಿನ ಕೆಲಸ ಬೇಡವೆಂದು ನನ್ನ ಪರೀಕ್ಷಾ ತಕ್ಕಡಿಯನ್ನೇ ಅಡುಗೆಮನೆಗೆ ತಂದಿದ್ದೆ. ಒಂದೊಂದು ತುಂಡೂ ಸರಿಯಾಗಿ ಒಂಬತ್ತು ಗ್ರಾಂ. ಎಂಬತ್ತನಾಲ್ಕು ತುಂಡು ತೂಗಿ, ಗೆರೆ ಎಳೆದು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಒಂದೇ ಸಲ ಎಲ್ಲವನ್ನೂ ಬಿಡಬಾರದು, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಎಂದು ಮ್ಯಾಗಜಿನ್‌ನಲ್ಲಿತ್ತು. ಆದರೆ ತಟ್ಟೆ ಜಾರಿತು, ಎಂಬತ್ತನಾಲ್ಕೂ ಒಟ್ಟಿಗೆ ಕುದಿಯುವ ನೀರಿಗೆ ಬಿದ್ದವು. ಆ ಕ್ಷಣದಲ್ಲೇ ಫೋನು ಬಂತು. ನಿನ್ನೆಯ ಪಾಠ ನೆನಪಿದ್ದುದರಿಂದ ಮೊಣಕೈಯಲ್ಲಿ ಒತ್ತಿ, ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

ಹೆಂಡತಿಯಲ್ಲ, ಅವಳ ತಮ್ಮ. ಇವನು ಇನ್ಷೂರೆನ್ಸ್ ಏಜೆಂಟ್. ಒಳ್ಳೆಯ ಹುಡುಗ, ವಯಸ್ಸು ನಲವತ್ತೆಂಟು. ಬಾಯಿಗೆ ಮಾತ್ರ ಬೀಗವಿಲ್ಲ. ಏನು ಮಾಡ್ತಿದೀರಾ ಭಾವ ಎಂದು ಕೇಳಿದ.

“ಮಾತಾಡೋಕೆ ಆಗಲ್ಲ ಕಣೋ, ಈಗ ತಾನೆ ನ್ಯೋಕಿ ಬಿಟ್ಟೆ” ಎಂದೆ.

ಫೋನು ಕಿವಿ ಹೆಗಲಿನ ನಡುವೆ, ಬಾಯಿ ಪಾತ್ರೆಯ ಕಡೆ, ನೀರು ಕೊತಕೊತ ಕುದಿಯುತ್ತಿದೆ. ನಾನು ಹೇಳಿದ್ದು ಅವನಿಗೆ ಹೇಗೆ ಕೇಳಿಸಿತೆಂದು ಓದುವವರಿಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಅವನು ನೌಕ್ರಿ ಬಿಟ್ರಾ ಎಂದದ್ದು ನನಗೂ ನ್ಯೋಕಿ ಎಂದೇ ಕೇಳಿಸಿತು.

“ಬಿಟ್ರಾ? ಪೂರ್ತಿ?”

“ಪೂರ್ತಿ. ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಅಂತಿದ್ದೆ, ಕೈ ಜಾರಿತು, ಎಲ್ಲಾ ಒಂದೇ ಸಲ ಹೋಯ್ತು.”

ಅವನ ದನಿ ಬದಲಾಯಿತು. “ಯಾಕೆ ಭಾವ, ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರು ಏನಂತಾರೆ. ನಿಮ್ಮಕ್ಕನಿಗೋಸ್ಕರ. ಅವಳಿಗೆ ಹೇಳ್ಬೇಡ, ನಾಳೆ ಬಂದಾಗ ಗೊತ್ತಾಗ್ಲಿ.”

“ಮುಂದೆ ಏನ್ ಮಾಡ್ತೀರಿ?”

“ಮುಂದೆ ಏನು, ಕಾಯೋದು. ಮೊದಲು ಮುಳುಗುತ್ತೆ. ಹೆದರಬಾರದು. ಆಮೇಲೆ ತಾನಾಗೇ ತೇಲುತ್ತೆ.”

ಅವನು, “ಭಾವ, ನೀವು ಇಂಥೋರು ಅಂತ ನನಗೆ ಗೊತ್ತಿರಲಿಲ್ಲ” ಎಂದ. ನಾನು, ಗೊತ್ತಿಲ್ಲದವರು ಬಹಳ ಜನ ಇದ್ದಾರೆ ಎಂದು ಹೆಮ್ಮೆಯಿಂದ ಹೇಳಿ ಫೋನನ್ನು ಹೆಗಲಿನಿಂದ ಕೆಳಗೆ ಬೀಳಿಸಿದೆ. ಅಷ್ಟರಲ್ಲಿ ಎಂಬತ್ತನಾಲ್ಕು ನ್ಯೋಕಿಯೂ ಸೇರಿ ಒಂದೇ ನ್ಯೋಕಿಯಾಗಿತ್ತು. ಅದು ತೇಲಲೂ ಇಲ್ಲ.

ಭಾವಮೈದ ಯಾರಿಗೂ ಹೇಳಬೇಡಿ ಎಂಬ ಷರತ್ತಿನ ಮೇಲೆ ಅವತ್ತು ಹನ್ನೊಂದು ಜನರಿಗೆ ಹೇಳಿದನಂತೆ. ಮೊದಲನೆಯವಳು ಅವನ ಅಕ್ಕ. ಎರಡನೆಯವರು ನಮ್ಮ ಆಫೀಸರು, ಅವರ ಪಾಲಿಸಿ ಅವನದೇ. ಮೂರನೆಯವರು ನಮ್ಮ ಮೇಲಿನ ಮನೆಯಲ್ಲಿರುವ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಶನಿವಾರ ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಹೆಡ್‌ಮಿಸ್ಟ್ರೆಸ್ಸು ಮೆಟ್ಟಿಲ ಮೇಲೆ ನಿಂತಿದ್ದರು. ಮೂವತ್ತೈದು ವರ್ಷ ಶಾಲೆ ನಡೆಸಿದವರು, ಈಗ ನಮ್ಮ ಕಟ್ಟಡ ನಡೆಸುತ್ತಾರೆ. ನನ್ನನ್ನು ಕಂಡು ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, ಕೇಳಿದೆ, ಒಳ್ಳೇದೇ ಮಾಡಿದ್ರಿ, ಎಲ್ಲರಿಗೂ ಆ ಧೈರ್ಯ ಬರಲ್ಲ ಎಂದರು. ನಾನೂ ಬಿಟ್ಟಾಗ ಮೊದಲನೇ ವಾರ ಏನೂ ತೋಚಲಿಲ್ಲ, ಕೈಯೆಲ್ಲ ಖಾಲಿ ಖಾಲಿ ಎಂದೂ ಸೇರಿಸಿದರು. ಇವರೂ ನ್ಯೋಕಿ ಬಿಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

“ನಿಮ್ಮದು ತೇಲ್ತಾ?” ಎಂದು ಆಸೆಯಿಂದ ಕೇಳಿದೆ.

“ಏನೋ, ದೇವರು ಹೇಗೋ ತೇಲಿಸಿದ” ಎಂದು ಕಣ್ಣೊರೆಸಿಕೊಂಡು ಅವರು ಮೇಲೆ ಹೋದರು. ನನ್ನದು ತಳಕ್ಕೆ ಹತ್ತಿತೆಂದು ಹೇಳಲು ನನಗೆ ನಾಚಿಕೆಯಾಯಿತು.

ಶನಿವಾರ ಕಚೇರಿ ಅರ್ಧ ದಿನ. ಹೋಗಿ ನೋಡಿದರೆ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಸ್ಟೋರ್‌ಕೀಪರ್ ಕೂತಿದ್ದಾನೆ. ಟೈಪಿಸ್ಟಮ್ಮ ಅವನ ಎದುರು ನಿಂತು, ಹಿರಿತನದ ಪ್ರಕಾರ ಆ ಕುರ್ಚಿ ತನಗೆ ಬರಬೇಕೆಂದು ವಾದಿಸುತ್ತಿದ್ದಾಳೆ. ನನ್ನನ್ನು ಕಂಡು ಇಬ್ಬರೂ ಬಾಯಿ ಮುಚ್ಚಿದರು. ಕುಂಬಳಕಾಯಿಯ ವಿಷಯ ಮೇಲಕ್ಕೆ ಹೋಗಿದೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಫೀಸರು ಒಳಗೆ ಕರೆಸಿ, ಬಾಗಿಲು ಹಾಕಿಸಿ, ಕೂರಿಸಿದರು. ತಮಗೆ ವಿಷಯ ತಿಳಿಯಿತು, ಮನಸ್ಸಿಗೆ ಬೇಸರವಾಯಿತು ಎಂದರು. ನಾನು ಎದ್ದು ನಿಂತು, ಸರ್, ಅದು ಮನೆಗೋಸ್ಕರ, ಹೆಂಡತಿಗೋಸ್ಕರ, ಬೇರೆ ಯಾವ ಉದ್ದೇಶವೂ ಇರಲಿಲ್ಲ ಎಂದೆ. ಅವರು ತಲೆಯಾಡಿಸಿ, ಮನೆ ಮುಖ್ಯ, ತಮಗೂ ಎಷ್ಟೋ ಸಲ ಹಾಗೆ ಅನ್ನಿಸಿದೆ, ಆದರೆ ಧೈರ್ಯ ಸಾಲಲಿಲ್ಲ ಎಂದರು. ಇವರಿಗೂ ಕುಂಬಳಕಾಯಿ ಹೊರುವ ಆಸೆಯಿದೆಯೆಂದು ನನಗೆ ಆಶ್ಚರ್ಯವಾಯಿತು. ಕೊನೆಗೆ ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿ, “ಏನೇ ಆದ್ರೂ ಬರಹದಲ್ಲಿ ಕೊಟ್ಟುಬಿಡಿ” ಎಂದರು.

ನಾನು ಕೊಟ್ಟ ಬರಹ ಹೀಗಿತ್ತು: ‘ಮಾನ್ಯರೆ, ನಾನು ಈ ಕೆಲಸವನ್ನು ಸ್ವಂತ ಇಚ್ಛೆಯಿಂದ, ನನ್ನ ಹೆಂಡತಿಯ ಸಂತೋಷಕ್ಕಾಗಿ ಮಾಡಿರುತ್ತೇನೆ. ಯಾರ ಒತ್ತಡವೂ, ಯಾವ ಆಮಿಷವೂ ಇರುವುದಿಲ್ಲ. ಇದರಿಂದ ಕಚೇರಿಗೆ ತೊಂದರೆಯಾಗಿದ್ದರೆ ಕ್ಷಮೆಯಿರಲಿ. ಇನ್ನು ಮುಂದೆ ಕಚೇರಿಯಲ್ಲಿ ಕಾಣಿಸುವುದಿಲ್ಲವೆಂದು ಮಾತು ಕೊಡುತ್ತೇನೆ.’ ಕಾಣಿಸುವುದಿಲ್ಲ ಎಂದದ್ದು ಕುಂಬಳಕಾಯಿ. ಆ ಪದವನ್ನು ಸರ್ಕಾರಿ ಕಾಗದದಲ್ಲಿ ಬರೆಯಲು ಸಂಕೋಚವಾಗಿ ಬಿಟ್ಟಿದ್ದೆ. ಆಫೀಸರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂವತ್ತು ವರ್ಷ ದಾಟಿದವರಿಗೆ ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ ಎಂದು ಗೊಣಗಿ, ಅಂಗೀಕರಿಸಲಾಗಿದೆ ಎಂದು ಬರೆದು ಮುದ್ರೆ ಒತ್ತಿದರು. ಒಂದು ಪ್ರತಿ ನನಗೆ ಕೊಟ್ಟರು. ಕೈ ಕುಲುಕಿದರು.

ಹೊರಗೆ ಬಂದರೆ ಸ್ಟೋರ್‌ಕೀಪರ್ ತೂಕದ ಬಟ್ಟುಗಳ ಬೀರುವಿನ ಕೀಲಿ ಕೇಳಿದ. ವಿಚಾರಣೆ ಮುಗಿಯುವವರೆಗೆ ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ, ಅಂಥವನ ಬಳಿ ಕೀಲಿ ಇರುವಂತಿಲ್ಲ ಎಂದುಕೊಂಡು ಕೊಟ್ಟುಬಿಟ್ಟೆ. ಟೈಪಿಸ್ಟಮ್ಮ ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತಾಡಿದಳು. ಮೂವತ್ತೊಂದು ವರ್ಷದಲ್ಲಿ ಆಡದಿದ್ದ ಮಾತುಗಳು. ಹದಿನೈದು ನಿಮಿಷದಲ್ಲಿ ನಾನು ಬೀದಿಯಲ್ಲಿದ್ದೆ. ದಾರಿಯುದ್ದಕ್ಕೂ ಒಣಗಿದ ಎಲೆ ಬಿದ್ದಿತ್ತು. ಮಾನ ಹೋಯಿತು, ಕೆಲಸ ಹೋಗಲಿದೆ, ಹೆಂಡತಿ ಬರುವ ಹೊತ್ತಾಯಿತು, ನ್ಯೋಕಿ ಇನ್ನೂ ಒಂದು ಸಲವೂ ತೇಲಿಲ್ಲ ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಇವುಗಳಲ್ಲಿ ಕೊನೆಯದೊಂದೇ ನನ್ನ ಕೈಯಲ್ಲಿದ್ದದ್ದು.

ಮೂರನೆಯ ಸಲ ನಾನು ತೂಗಲಿಲ್ಲ. ಕಾಯಿಯ ಉಳಿದ ಭಾಗವನ್ನು ಬೇಯಿಸಿ, ನೀರೆಲ್ಲ ಇಳಿಯುವಂತೆ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದೆ. ಅವಳ ಹಳೆಯ ಏಪ್ರನ್ ಅಡುಗೆಮನೆಯ ಬಾಗಿಲ ಹಿಂದೆ ಎರಡು ವರ್ಷದಿಂದ ನೇತಾಡುತ್ತಿತ್ತು, ಒಗೆದರೆ ಅವಳ ವಾಸನೆ ಹೋಗುತ್ತದೆಂದು ನಾನು ಮುಟ್ಟಿರಲಿಲ್ಲ. ಅವತ್ತು ಕಟ್ಟಿಕೊಂಡೆ. ಹಿಟ್ಟು ನಾದತೊಡಗಿದೆ. ಬಾ ಎಂದು ಹೇಳುವ ಯೋಗ್ಯತೆಯೂ ಈಗ ನನಗಿಲ್ಲ, ಸಸ್ಪೆಂಡಾದ ಗಂಡನ ಹತ್ತಿರ ಯಾವ ಹೆಂಡತಿ ದೊಡ್ಡ ಹುದ್ದೆ ಬಿಟ್ಟು ಬಂದಾಳು ಅನ್ನಿಸಿತು. ಅನ್ನಿಸಿದ್ದಕ್ಕೆ ಹಿಟ್ಟಿನಲ್ಲಿ ಎರಡು ಹನಿ ಬಿತ್ತು. ಉಪ್ಪು ಬೇರೆ ಹಾಕಲಿಲ್ಲ.

ತುಂಡುಗಳನ್ನು ನೀರಿಗೆ ಬಿಟ್ಟು ಮುಚ್ಚಳ ಹಾಕುವಷ್ಟರಲ್ಲಿ, ಆರೂವರೆಗೆ, ಅವಳು ಬಾಗಿಲು ತಟ್ಟಿದಳು. ಪ್ರತಿ ಸಲ ಒಂದು ಸಣ್ಣ ಕೈಚೀಲದೊಂದಿಗೆ ಬರುವವಳು ಈ ಸಲ ಎರಡು ದೊಡ್ಡ ಪೆಟ್ಟಿಗೆಗಳ ನಡುವೆ ನಿಂತಿದ್ದಳು. ಮುಖ ಕೆಂಪಾಗಿತ್ತು, ಕಣ್ಣು ಊದಿಕೊಂಡಿತ್ತು. ಎಲ್ಲವನ್ನೂ ಬಿಟ್ಟು ಬಂದೇಬಿಟ್ಟಳೇ ಎಂದು ನನಗೆ ಹಿಗ್ಗಿನಲ್ಲಿ ಒಂದು ಕ್ಷಣ ಭೂಮಿ ಕಾಣಲಿಲ್ಲ. ಅವಳು ಒಳಗೆ ಬಂದು, ಏಪ್ರನ್ ಕಟ್ಟಿ ಹಿಟ್ಟು ಮೆತ್ತಿಕೊಂಡಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ತಮ್ಮ ಹೇಳ್ದ” ಎಂದಳು.

ಹೇಳಬೇಡ ಎಂದಿದ್ದೆ ಎಂದು ನಾನು ಗೊಣಗಿದೆ.

“ನನಗೋಸ್ಕರ ಬಿಟ್ರಂತೆ.”

“ಮತ್ಯಾರಿಗೋಸ್ಕರ” ಎಂದೆ. ನ್ಯೋಕಿಯ ವಿಷಯದಲ್ಲಿ ಅದು ಪೂರ್ತಿ ನಿಜ.

ಅವಳು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟಳು. ಅಳುತ್ತಲೇ ಹೇಳಿದಳು. ಬುಧವಾರ ನಾನು ಅನುಕೂಲವೋ ಹಾಗೆ ಎಂದ ಮೇಲೂ ಅವಳು ವಾಪಸು ಬರುತ್ತೇನೆ ಎಂದೇ ಬರೆದಿಟ್ಟಿದ್ದಳಂತೆ. ಅಲ್ಲಿನ ಕೆಲಸ ಅವಳಿಗೆ ಪ್ರಾಣ, ಆದರೆ ಇಲ್ಲಿ ನಾನು ಎರಡು ವರ್ಷದಿಂದ ಬ್ರೆಡ್ಡಿನ ಮೇಲೆ ಮೊಟ್ಟೆ ಇಟ್ಟುಕೊಂಡು ತಿನ್ನುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತಂತೆ. ಶುಕ್ರವಾರ ತಮ್ಮನ ಫೋನು ಬಂದಮೇಲೆ ಆ ಕಾಗದ ಹರಿದು ಹಾಕಿ, ಐದು ವರ್ಷ ಮುಂದುವರಿಯುತ್ತೇನೆ ಎಂದು ಬರೆದು ಕೊಟ್ಟು, ಶಾಲೆಯ ಹಿಂದೆಯೇ ಎರಡು ಕೋಣೆಯ ಮನೆ ನೋಡಿ ಬಂದಿದ್ದಾಳೆ. ಅಡುಗೆಮನೆಗೆ ದೊಡ್ಡ ಕಿಟಕಿಯಿದೆಯಂತೆ.

“ಯಾಕೆ ಹರಿದೆ?” ಎಂದು ಕೇಳಿದೆ.

“ನೀವೇ ನೌಕ್ರಿ ಬಿಟ್ಟು ಬರ್ತಿರೋವಾಗ ನಾನ್ಯಾಕೆ ಬರ್ಲಿ?”

ಆಗ ನನಗೆ ಹೊಳೆಯಿತು. ಹೊಳೆದದ್ದು ಒಂದೇ ಸಲಕ್ಕಲ್ಲ. ಮೊದಲು ಭಾವಮೈದ ಹೊಳೆದ, ಆಮೇಲೆ ಹೆಡ್‌ಮಿಸ್ಟ್ರೆಸ್ಸಿನ ಕಣ್ಣೀರು, ಆಮೇಲೆ ಸ್ಟೋರ್‌ಕೀಪರ್, ಕೊನೆಗೆ ಆಫೀಸರ ಮುದ್ರೆ. ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ನ್ಯೋಕಿ ತೇಲುತ್ತಿತ್ತು. ಒಂದೊಂದು ಒಂದೊಂದು ಗಾತ್ರ, ಕೆಲವಕ್ಕೆ ಗೆರೆಯೇ ಇಲ್ಲ, ಆದರೆ ತೇಲುತ್ತಿತ್ತು. ಅವನ್ನು ಎತ್ತಿ ಬೆಣ್ಣೆಯಲ್ಲಿ ಹೊರಳಿಸಿ ತಟ್ಟೆಗೆ ಹಾಕಿ ತಂದು ಅವಳ ಮುಂದಿಟ್ಟೆ.

“ನಾನು ಬಿಟ್ಟಿದ್ದು ಇದನ್ನ” ಎಂದೆ.

ಅವಳು ತಟ್ಟೆಯನ್ನು ನೋಡಿದಳು. ಇದೇನು ಎಂದು ಕೇಳಿದಳು. ನ್ಯೋಕಿ ಎಂದೆ. ಅವಳು ಆ ಪದವನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು, ತಮ್ಮನ ಪದವನ್ನೂ ಪಕ್ಕದಲ್ಲಿಟ್ಟು ಹೇಳಿಕೊಂಡಿರಬೇಕು. ಅಳುತ್ತಾಳೆ ಎಂದುಕೊಂಡೆ, ನಕ್ಕಳು. ನಗುತ್ತ ನಗುತ್ತ ಮೇಜಿನ ಮೇಲೆ ತಲೆಯಿಟ್ಟಳು. ನಾನು ಜೇಬಿನಿಂದ ಆಫೀಸರ ಕಾಗದ ತೆಗೆದು ಕೊಟ್ಟೆ. ಅದನ್ನು ಓದಿ, ಕುಂಬಳಕಾಯಿಯ ಕಥೆಯನ್ನೂ ಕೇಳಿ, ಉಸಿರು ಸಿಕ್ಕಿಕೊಳ್ಳುವವರೆಗೆ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನರ್ಸಮ್ಮನ ದನಿಯಲ್ಲಿ, ಸೋಮವಾರ ಬೆಳಿಗ್ಗೆಯೇ ಹೋಗಿ ಆಫೀಸರಿಗೆ ಎಲ್ಲ ಬಿಡಿಸಿ ಹೇಳಿ ಕಾಗದ ವಾಪಸು ತೆಗೆದುಕೊಳ್ಳಿ, ಒಳ್ಳೆಯವರಂತೆ ಕಾಣುತ್ತಾರೆ, ಕೊಡುತ್ತಾರೆ ಎಂದಳು. ತಾನೂ ಹೋಗಿ ವಾಪಸು ಬರುತ್ತೇನೆಂದು ಇನ್ನೊಂದು ಕಾಗದ ಬರೆದುಕೊಡುತ್ತಾಳಂತೆ. ಬೈಯುತ್ತಾರೆ, ಬೈಯಲಿ ಎಂದಳು.

ಹೀಗೆ ಎಲ್ಲವೂ ಸರಿಹೋಯಿತು. ನನಗೆ ಬೇಕಾಗಿದ್ದುದೂ ಇದೇ, ಅವಳು ತಾನಾಗಿಯೇ ಬರುತ್ತೇನೆ ಅನ್ನಬೇಕಿತ್ತು, ಅಂದಳು. ನಾನು ಖುಷಿಪಡಲು ಸಿದ್ಧನಾಗಿ ಕೂತೆ.

ಅವಳು ಎದ್ದು ಹೋಗಿ ದಾರಿಗೆ ಅಡ್ಡವಾಗಿದ್ದ ಪೆಟ್ಟಿಗೆಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. ಒಂದೇ ಬೆರಳಿಗೆ ಸರಿದವು. ಏನು ತಂದಿದ್ದೀಯ ಅದರಲ್ಲಿ ಎಂದು ಕೇಳಿದೆ.

“ಏನೂ ಇಲ್ಲ, ಖಾಲಿ. ರೈಲಲ್ಲಿ ಮೇಲೆ ಎತ್ತಿಟ್ಟೋರು ಕೇಳಿದ್ರು, ಏನಮ್ಮಾ ಇಷ್ಟು ದೊಡ್ಡ ಪೆಟ್ಟಿಗೆ ಖಾಲಿ ಹೊತ್ಕೊಂಡು ಎಲ್ಲಿಗೆ ಅಂತ. ನಮ್ಮ ಯಜಮಾನ್ರನ್ನ ಕರ್ಕೊಂಡು ಬರೋಕೆ ಹೋಗ್ತಿದೀನಿ ಅಂದೆ.”

ಗೋಡೆಯ ಕಡೆ ತಿರುಗಿಯೇ ಹೇಳಿದಳು. ಏಳು ಗಂಟೆಯ ದಾರಿ, ಖಾಲಿ ಪೆಟ್ಟಿಗೆಗಳ ಕೆಳಗೆ ಕೂತು ಯಾರ್ಯಾರಿಗೋ ಅದನ್ನು ಹೇಳಿಕೊಂಡು ಬಂದಿದ್ದಾಳೆ. ನನ್ನ ಹೆಂಡತಿ ಅಷ್ಟು ಸಂತೋಷವಾಗಿ ಒಂದು ರೈಲಿನಲ್ಲಿ ಕೂತಿದ್ದನ್ನು ನಾನು ನೋಡಲಿಲ್ಲವಲ್ಲ ಎಂದು ನನಗೆ ತಡೆಯಲಾರದ ಸಂಕಟವಾಯಿತು. ನಾಳೆ ಮಧ್ಯಾಹ್ನ ಅವೇ ಪೆಟ್ಟಿಗೆಗಳನ್ನು ಖಾಲಿಯಾಗಿಯೇ ಎತ್ತಿಕೊಂಡು ಅವಳು ಹೋಗಬೇಕು.

“ಸೋಮವಾರ ನಾನು ಎಲ್ಲಿಗೂ ಹೋಗಲ್ಲ” ಎಂದೆ. “ಕಾಗದ ಅಲ್ಲೇ ಇರಲಿ. ನೀನಿಲ್ಲದೆ ನನ್ನ ಕೈಲಿ ಆಗ್ತಿಲ್ಲ. ಎರಡು ವರ್ಷದಿಂದ ಆಗ್ತಿಲ್ಲ.”

ಅವಳು ತಿರುಗಲಿಲ್ಲ. ಒಂದು ಕೈ ಮಾತ್ರ ಪೆಟ್ಟಿಗೆಯ ಮೇಲೆ ಹಾಗೇ ನಿಂತಿತು. ನಾನು ಮಲಗುವ ಕೋಣೆಗೆ ಹೋಗಿ ಬೀರು ತೆರೆದು, ಕೈಗೆ ಸಿಕ್ಕಿದಷ್ಟು ಅಂಗಿಗಳನ್ನು ಹ್ಯಾಂಗರಿನ ಸಮೇತ ತಬ್ಬಿಕೊಂಡು ಬಂದು ದೊಡ್ಡ ಪೆಟ್ಟಿಗೆಗೆ ಹಾಕಿದೆ. ಮತ್ತೆ ಹೋಗಿ ಪ್ಯಾಂಟುಗಳನ್ನು ತಂದೆ. ಅವಳು ಮೇಜಿನ ಬಳಿ ಕೂತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ನ್ಯೋಕಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಅಡುಗೆಯವನದಷ್ಟು ಮೆತ್ತಗಿಲ್ಲ ಎಂದಳು. ಇನ್ನೊಂದು ಹಾಕಿಕೊಂಡಳು.

“ಅಂಗಿ ಮಡಿಸಿ ಹಾಕಿ, ಹಾಗೆ ತುರುಕಬೇಡಿ” ಎಂದಳು. ಆದರೆ ಮಡಿಸಿಕೊಡಲು ತಾನು ಎದ್ದು ಬರಲಿಲ್ಲ. ಅಗಿಯುತ್ತ, ನಾನು ಒಂದೊಂದಾಗಿ ತಂದು ತುಂಬುವುದನ್ನು ಪೆಟ್ಟಿಗೆ ಮುಚ್ಚುವವರೆಗೂ ಕೂತು ನೋಡಿದಳು.